ಕೇಳುವ ಮುಖ

ಕೇಳುಗರೆ, ನಮಸ್ಕಾರ.

ವಿಜಯಪುರದಲ್ಲಿ ಮೂವತ್ತು ವರ್ಷಗಳಿಂದ ಫೋಟೊ ಸ್ಟುಡಿಯೋ ಇಟ್ಟುಕೊಂಡವನು ನಾನು. ಮದುವೆ, ಕುಬಸ, ಜಾವಳ, ಗುರುತಿನ ಚೀಟಿಗೆ ಬೇಕಾದ ಚಿಕ್ಕ ಚಿತ್ರ, ಇವೇ ನನಗೆ ಅನ್ನ ಹಾಕಿದ ಕೆಲಸಗಳು. ವಾರಕ್ಕೊಮ್ಮೆ ಪತ್ರಿಕೋದ್ಯಮ ಓದುವ ಮಕ್ಕಳಿಗೆ ಕ್ಯಾಮೆರಾ ಹಿಡಿಯುವುದನ್ನು ಹೇಳಿಕೊಡಲು ಹೋಗುತ್ತೇನೆ. ಹೇಳಿಕೊಡುತ್ತೇನೆ ಎಂಬುದು ನನ್ನ ನಂಬಿಕೆ. ಈ ವರ್ಷ ನಡೆದದ್ದು ಅದಕ್ಕೆ ತಿರುಗುಮುರುಗು.

ಐವರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದರು. ಕನ್ನಡದಲ್ಲಿ ಒಂದು ಸಂಗೀತ ಮಾಸಪತ್ರಿಕೆ ಹೊರಡಲಿದೆ ಎಂದುಕೊಳ್ಳಬೇಕು. ಅದರ ಮೊದಲ ಸಂಚಿಕೆಯ ಮುಖಪುಟವನ್ನು ತಾವೇ ಯೋಜಿಸಿ, ತಾವೇ ಚಿತ್ರ ತೆಗೆದು, ಅಚ್ಚಿನ ಮನೆಗೆ ಕಳಿಸುವಷ್ಟು ಸಿದ್ಧ ಮಾಡಬೇಕು. ಐವರೂ ಮೊಬೈಲಿನಲ್ಲಿ ವಿದೇಶಿ ಪತ್ರಿಕೆಗಳ ಮುಖಪುಟಗಳನ್ನು ತುಂಬಿಕೊಂಡು ನನ್ನ ಅಂಗಡಿಗೆ ಬಂದರು. ಗಿಟಾರು, ಕಪ್ಪು ಕನ್ನಡಕ, ಗಾಳಿಯಲ್ಲಿ ಹಾರುತ್ತಿರುವ ಕೂದಲು. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯ ಮೊದಲ ಸಂಚಿಕೆಯೂ ಅದರಲ್ಲಿತ್ತು. 1967ರ ನವೆಂಬರ್ 9ರದು. ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಸಿಪಾಯಿಯ ವೇಷದಲ್ಲಿದ್ದಾರೆ. ಆ ಚಿತ್ರವನ್ನು ಪತ್ರಿಕೆಯವರು ತೆಗೆಸಿದ್ದಲ್ಲ, ಲೆನನ್ ನಟಿಸಿದ್ದ ಸಿನಿಮಾವೊಂದರ ಸ್ಥಿರಚಿತ್ರ ಅದು ಎಂದಾಗ ಮಕ್ಕಳ ಮುಖ ಸಣ್ಣದಾಯಿತು. ಇಂಡಿ ಕಡೆಯ ಹುಡುಗನೊಬ್ಬ, "ಹಾಗಾದರೆ ನಾವೂ ಎಲ್ಲಿಂದಲಾದರೂ ಒಂದು ತೆಗೆದುಕೊಳ್ಳೋಣವೇ ಸರ್?" ಎಂದು ಕೇಳಿದ. ಹುಡುಗ ಮುಂದೆ ಬರುತ್ತಾನೆ.

"ಯಾರ ಚಿತ್ರ ತೆಗೆಯುತ್ತೀರಿ?" ಎಂದು ಕೇಳಿದೆ. ಅದು ಇನ್ನೂ ತೀರ್ಮಾನವಾಗಿರಲಿಲ್ಲ. ಜಾಗ ಮಾತ್ರ ತೀರ್ಮಾನವಾಗಿತ್ತು: ಗೋಲಗುಮ್ಮಟ!

ನಮ್ಮ ಊರಿನವರಿಗೆ ಇದೊಂದು ರೋಗ. ಮಗು ಹುಟ್ಟಿದರೂ ಗುಮ್ಮಟದ ಮುಂದೆ, ನಿವೃತ್ತಿಯಾದರೂ ಗುಮ್ಮಟದ ಮುಂದೆ. 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಹೊರ ಅಡ್ಡಳತೆಯೇ ಸುಮಾರು 44 ಮೀಟರ್. ಅದರ ಮುಂದೆ ನಿಂತ ಮನುಷ್ಯ ಜೋಳದ ಕಾಳಾಗುತ್ತಾನೆ. ಮುಖಪುಟದಲ್ಲಿ ಓದುಗ ಮೊದಲು ನೋಡಬೇಕಾದದ್ದು ಎರಡು ಕಣ್ಣುಗಳನ್ನು. ಗುಮ್ಮಟವೂ ಬೇಕು ಕಣ್ಣೂ ಬೇಕು ಎಂದರೆ ಎರಡೂ ಸಿಗುವುದಿಲ್ಲ. ಒಳಗೆ ತೆಗೆಯೋಣ ಎಂದರೆ ಅಲ್ಲಿನ ಪಿಸುಗುಟ್ಟುವ ಗ್ಯಾಲರಿ ನಿಮಗೆ ಗೊತ್ತೇ ಇದೆ. ಪ್ರವಾಸಕ್ಕೆ ಬಂದ ಮಕ್ಕಳು ಒಂದು ಸಲ ಕೂಗಿದರೆ ಆ ಕೂಗು ಮತ್ತೆ ಮತ್ತೆ ತಿರುಗಿ ಬರುತ್ತದೆ. ಹಾಡುವವರನ್ನು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದರೆ ಅವರು ಶ್ರುತಿ ಕೂಡಿಸುವುದು ಹೇಗೆ? ಇಷ್ಟರ ಮೇಲೆ, ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ಊರಿ, ದೀಪ ನಿಲ್ಲಿಸಿ ಕೆಲಸ ಮಾಡುವುದಾದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ಹಾಗಾದರೆ ನವರಸಪುರ ಎಂದರು. ಇದನ್ನು ನಾನು ಅಷ್ಟು ಬೇಗ ತಳ್ಳಿಹಾಕಲಿಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ತೊರವಿಯ ಬಳಿ ಕಟ್ಟಲು ತೊಡಗಿದ ಊರು ಅದು. 1624ರಲ್ಲಿ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಸಂಗೀತ ಮಹಲಿನ ಕಮಾನು ಈಗಲೂ ನಿಂತಿದೆ. ಆ ಸುಲ್ತಾನನಿಗೆ ಸಂಗೀತದ ಹುಚ್ಚು ಎಷ್ಟಿತ್ತೆಂದರೆ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಅವನ ಕಿತಾಬ್-ಎ-ನೌರಸ್ ಶುರುವಾಗುವುದೇ ಸರಸ್ವತಿಯ ಸ್ತುತಿಯಿಂದ. ಅದರಲ್ಲಿ ರಾಗಗಳಿಗೆ ಹೊಂದಿಸಿದ 59 ಹಾಡುಗಳೂ 17 ದ್ವಿಪದಿಗಳೂ ಇವೆ. ಫರೂಖ್ ಬೇಗ್ ಎಂಬ ಚಿತ್ರಕಾರ ಬರೆದ ಅವನ ಚಿತ್ರವೊಂದು ಇಂದು ಜೆಕ್ ದೇಶದ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಸುಲ್ತಾನ ಕುಳಿತು ತಂಬೂರಿ ನುಡಿಸುತ್ತಿದ್ದಾನೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಇನ್ನೊಂದರಲ್ಲಿ ಅವನ ಕೈಯಲ್ಲಿ ತಾಳ ಹಾಕುವ ಚಿಟಿಕೆಗಳಿವೆ. ಆಳುವ ದೊರೆಯನ್ನು ವಾದ್ಯದೊಡನೆ ತೋರಿಸಬೇಕು ಎಂದು ನಾನ್ನೂರು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಯಾರೋ ಕುಳಿತು ಯೋಚಿಸಿದ್ದರು. ಮುಖಪುಟದ ಕೆಲಸವೂ ಅದೇ ಅಲ್ಲವೇ?

ಆದರೂ ಏಪ್ರಿಲ್ ತಿಂಗಳು. ಬೆಳಿಗ್ಗೆ ಎಂಟೂವರೆಗೇ ಆ ಬಯಲಿನಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಬಿಸಿಲಿಗೆ ಎದುರಾಗಿ ಕುಳಿತವರು ಕಣ್ಣು ಕಿರಿದು ಮಾಡುತ್ತಾರೆ, ಬೆನ್ನು ಕೊಟ್ಟು ಕುಳಿತರೆ ಮುಖ ಕಪ್ಪಾಗುತ್ತದೆ. ನವರಸಪುರವನ್ನು ಬಿಟ್ಟೆವು. ಅದರ ಹೆಸರನ್ನು ಮಾತ್ರ ಉಳಿಸಿಕೊಂಡೆವು. ಅದು ಹೇಗೆ ಎಂದು ಹೇಳುತ್ತೇನೆ.

ಪತ್ರಿಕೆಗೆ "ಸ್ವರ" ಎಂದು ಹೆಸರಿಡಬೇಕೆಂದು ಇಬ್ಬರು ಹಟ ಹಿಡಿದಿದ್ದರು. ಚಿಕ್ಕ ಹೆಸರು, ಅಕ್ಷರ ದೊಡ್ಡದಾಗಿ ಬರುತ್ತದೆ, ದೂರದಿಂದಲೇ ಓದಬಹುದು, ಎಲ್ಲವೂ ನಿಜ. ಆದರೆ ಈಗಿನ ಮುಖಪುಟಗಳಲ್ಲಿ ವ್ಯಕ್ತಿಯ ತಲೆ ಹೆಸರಿನ ಮುಂದೆ ಸ್ವಲ್ಪ ಚಾಚಿಕೊಂಡಿರುತ್ತದೆ. ಅಕ್ಷರದ ಒಂದು ಭಾಗ ತಲೆಯ ಹಿಂದೆ ಅಡಗುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಕೆಳಗಿನ ತುದಿ ಅಡಗಿದರೆ ಬಾಧೆಯಿಲ್ಲ. ಕನ್ನಡದ ಒತ್ತಕ್ಷರ ಇರುವುದೇ ಕೆಳಗೆ. ತಲೆ ಬಂದು ಒತ್ತನ್ನು ಮುಚ್ಚಿತು ಎನ್ನಿ, ಸ್ವರ ಹೋಗಿ "ಸರ" ಉಳಿಯುತ್ತದೆ. ಸಂಗೀತ ಪತ್ರಿಕೆ ಬಂಗಾರದಂಗಡಿಯ ಜಾಹೀರಾತಾಗುತ್ತದೆ. ಹಾಳೆಯ ಮೇಲೆ ಬರೆದು ಹೆಬ್ಬೆಟ್ಟಿನಿಂದ ಒತ್ತನ್ನು ಮುಚ್ಚಿ ತೋರಿಸಿದೆ. ನಕ್ಕರು. ಕೊನೆಗೆ "ನವರಸ" ಎಂದಾಯಿತು. ನಾಲ್ಕು ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ, ಕೊಂಬಿಲ್ಲ. ಒಂದೇ ಎತ್ತರದಲ್ಲಿ ಸಾಲಾಗಿ ಕೂರುತ್ತವೆ. ಜೊತೆಗೆ ನಮ್ಮ ಊರಿನದೇ ಮಾತು.

ಹೆಸರಿನ ಜಾಗದ ಬಗ್ಗೆ ನಾನು ಇಷ್ಟು ಕೊರೆಯುವುದಕ್ಕೆ ಕಾರಣವಿದೆ. ರೀಲಿನ ಕಾಲದಲ್ಲಿ, ಒಂದು ರೀಲಿಗೆ 36 ಚಿತ್ರಗಳಿದ್ದಾಗ, ಹಿರಿಯ ಗಾಯಕರೊಬ್ಬರ ಸ್ಮರಣ ಸಂಚಿಕೆಗೆ ಮುಖಪುಟ ತೆಗೆಯಲು ನನ್ನನ್ನು ಕರೆದಿದ್ದರು. ಮುಖ ದೊಡ್ಡದಾಗಿ ಬಂದರೆ ಚಿತ್ರ ಚೆಂದ ಎಂಬುದು ಆಗಿನ ನನ್ನ ಜ್ಞಾನ. ಹಣೆಯಿಂದ ಗದ್ದದವರೆಗೆ ಚೌಕಟ್ಟಿನ ತುಂಬ ತುಂಬಿಸಿದೆ. ಹೆಸರು ಎಲ್ಲಿ ಬರುತ್ತದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸಂಚಿಕೆ ಬಂದಾಗ ಶೀರ್ಷಿಕೆ ಆ ಮಹನೀಯರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿಯ ಹಾಗೆ ಅಡ್ಡಲಾಗಿ ಬಿದ್ದಿತ್ತು. ಅವರು ದೊಡ್ಡವರು, ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಸಂಚಿಕೆ ಯಾರ ಮನೆಯ ಗೂಡಿನಲ್ಲಿ ಕಂಡರೂ ಇಂದಿಗೂ ಬೆವರುತ್ತದೆ.

ಆದ್ದರಿಂದ ಮಕ್ಕಳಿಗೆ ಮೊದಲು ಮಾಡಿಸಿದ್ದು ಇದು. ಎ-ನಾಲ್ಕು ಅಳತೆಯ ಹಾಳೆ, ಎಂದರೆ 210 ಮಿಲಿಮೀಟರ್ ಅಗಲ, 297 ಎತ್ತರ. ಮೇಲಿನ ಕಾಲು ಭಾಗಕ್ಕೆ ಪೆನ್ಸಿಲಿನಿಂದ ಗೆರೆ: ಇಲ್ಲಿ ಹೆಸರು. ಎಡಕ್ಕೆ ಮೂರು ಬೆರಳಷ್ಟು ಅಗಲ: ಇಲ್ಲಿ ಒಳಗಿನ ಲೇಖನಗಳ ಸಾಲು. ಬಲಗಡೆ ಕೆಳಮೂಲೆಯಲ್ಲಿ ಬಾರ್‌ಕೋಡ್. ಉಳಿದ ಜಾಗದಲ್ಲಿ ಮನುಷ್ಯ. ನಾಲ್ಕೂ ಕಡೆ ಕತ್ತರಿಸುವವನ ಪಾಲು ಮೂರು ಮೂರು ಮಿಲಿಮೀಟರ್ ಹೆಚ್ಚಿಗೆ. ಇಷ್ಟಾದ ಮೇಲೆ ಒಬ್ಬಳು, "ಸರ್, ನಿಂತ ವಾದ್ಯವಾದರೆ ಒಳ್ಳೆಯದಲ್ಲವೇ? ಹಾರ್ಮೋನಿಯಂ, ಸಿತಾರ್ ಎಲ್ಲ ಅಡ್ಡಡ್ಡ" ಎಂದಳು. ಇದು ನನಗೆ ಹೊಳೆದಿರಲಿಲ್ಲ. ಮುಖಪುಟ ನಿಂತ ಹಾಳೆ, ತಂಬೂರಿ ನಿಂತ ವಾದ್ಯ. ಸರಿ, ತಂಬೂರಿ ಎಂದೆವು. ಹಾಡುವವರೂ ಸಿಕ್ಕರು. ಅವರದೇ ತರಗತಿಯ ಹುಡುಗಿಯೊಬ್ಬಳು ಹಳೆಯ ಪೇಟೆಯಲ್ಲಿ ಒಬ್ಬ ಗುರುಗಳ ಬಳಿ ಹಿಂದೂಸ್ತಾನಿ ಖಯಾಲು ಗಾಯನ ಕಲಿಯುತ್ತಿದ್ದಳು. ಅವಳ ಒಪ್ಪಿಗೆ, ಮನೆಯವರ ಒಪ್ಪಿಗೆ, ಗುರುಗಳ ಒಪ್ಪಿಗೆ ಮೂರನ್ನೂ ಬರಹದಲ್ಲಿ ಪಡೆದೆವು. ಚಿತ್ರ ಎಲ್ಲಿ ಬಳಕೆಯಾಗುತ್ತದೆ ಎಂಬುದನ್ನೂ ಅದರಲ್ಲಿ ಬರೆಸಿದೆ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

ಕ್ಯಾಮೆರಾ ಇಲ್ಲದೆ ಒಂದು ಸಂಜೆ ಪಾಠಕ್ಕೆ ಹೋಗಿ ಕುಳಿತು ಬನ್ನಿ, ಅವಳ ಮುಖ ಯಾವಾಗ ಚೆನ್ನಾಗಿ ಕಾಣುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ ಎಂದು ಐವರಿಗೂ ಹೇಳಿದ್ದೆ. ನಾಲ್ವರು ಸ್ವರಗಳನ್ನು ವೇಗವಾಗಿ ಹಾಡುವ ತಾನ್ ತೆಗೆಯುವ ಹೊತ್ತನ್ನೂ ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಕೈ ಬೀಸುವ ಹೊತ್ತನ್ನೂ ಬರೆದುಕೊಂಡು ಬಂದರು. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಸಿಂದಗಿಯ ಕಡೆಯ ಹುಡುಗಿಯ ಹಾಳೆಯಲ್ಲಿ ಒಂದೇ ಸಾಲು: "ಆರು ಗಂಟೆ ಹತ್ತು ನಿಮಿಷದಿಂದ ಆರು ಗಂಟೆ ಹದಿನೆಂಟು ನಿಮಿಷದವರೆಗೆ, ಶ್ರುತಿ ಮಾಡುವಾಗ. ಆಮೇಲೆ ಇಲ್ಲ."

ಕೇಳುಗರೆ, ಮೂವತ್ತು ವರ್ಷ ನಾನು ಕಚೇರಿಗಳಲ್ಲಿ ಚಿತ್ರ ತೆಗೆದಿದ್ದೇನೆ. ಶ್ರುತಿ ಕೂಡಿಸುವ ಹೊತ್ತಿನಲ್ಲಿ ನಾನು ಮಾಡುತ್ತಿದ್ದದ್ದು ಏನು? ಲೆನ್ಸ್ ಒರೆಸುವುದು, ಚಹಾ ಕುಡಿಯುವುದು, ಸಂಘಟಕರನ್ನು ಮಾತನಾಡಿಸುವುದು. ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ ಎಂಬ ಲೆಕ್ಕ. ಹಾಡು ಶುರುವಾದ ಮೇಲೆ ಕ್ಯಾಮೆರಾ ಎತ್ತಿ, ಬಾಯಿ ತೆರೆದ, ಹುಬ್ಬು ಗಂಟಿಕ್ಕಿದ, ಕತ್ತಿನ ನರ ಉಬ್ಬಿದ ನೂರಾರು ಮುಖಗಳನ್ನು ತೆಗೆದು, ಅದರಲ್ಲಿ ಒಂದು ತಕ್ಕಮಟ್ಟಿಗೆ ಇದ್ದದ್ದನ್ನು ಆರಿಸಿ ಕೊಡುತ್ತಿದ್ದೆ. ಹಾಡುವ ಮುಖ ಕೇಳುಗರಿಗೆ ಎಷ್ಟೇ ಪ್ರಿಯವಾದರೂ ಚಿತ್ರದಲ್ಲಿ ಧ್ವನಿ ಇರುವುದಿಲ್ಲ. ಧ್ವನಿ ತೆಗೆದುಬಿಟ್ಟರೆ ತೆರೆದ ಬಾಯಿ ಆಕಳಿಕೆಯೂ ಆಗಬಹುದು, ಹಲ್ಲುನೋವೂ ಆಗಬಹುದು. ಶ್ರುತಿ ಕೂಡಿಸುವವರ ಮುಖ ಹಾಗಲ್ಲ. ಬಲಗೈ ಬೆರಳು ತಂತಿ ಮೀಟುತ್ತಿದೆ, ಎಡಗೈ ಮೇಲೆ ಹೋಗಿ ತಂತಿ ಬಿಗಿಯುವ ಬಿರಡೆ ಹಿಡಿದಿದೆ, ಕಿವಿ ತಂಬೂರಿಯ ಉದ್ದನೆಯ ಕೋಲಾದ ದಾಂಡಿಯ ಕಡೆಗೆ ವಾಲಿದೆ. ಕಣ್ಣು ತೆರೆದಿದ್ದರೂ ಏನನ್ನೂ ನೋಡುತ್ತಿಲ್ಲ. ಅದು ಕೇಳುವ ಮುಖ. ಧ್ವನಿ ತೆಗೆದರೂ ಅದು ಕೇಳುತ್ತಲೇ ಇರುತ್ತದೆ.

ತಂಬೂರಿ ಕೂಡಿಸುವುದರಲ್ಲಿ ಕುಮಾರ ಗಂಧರ್ವರ ಕಟ್ಟುನಿಟ್ಟನ್ನು ಸಂಗೀತ ಬಲ್ಲವರು ಕಥೆಯಾಗಿ ಹೇಳುತ್ತಾರೆ. 1924ರಲ್ಲಿ ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು, ನಮ್ಮ ಕಡೆಯವರೇ. ಅವರು ತಂಬೂರಿ ಕೂಡಿಸುವುದನ್ನೇ ನೋಡುತ್ತ ಕುಳಿತಿರುತ್ತಿದ್ದವರು ಇದ್ದರಂತೆ. ನನ್ನಂಥ ಫೋಟೊದವರು ಆಗಲೂ ಚಹಾ ಕುಡಿಯುತ್ತಿದ್ದರೇನೋ. ನ್ಯೂಯಾರ್ಕಿನ ಬ್ಲೂ ನೋಟ್ ಎಂಬ ಜಾಝ್ ಧ್ವನಿಮುದ್ರಣ ಸಂಸ್ಥೆಯಲ್ಲಿ ಫ್ರಾನ್ಸಿಸ್ ವುಲ್ಫ್ ಎಂಬವರಿದ್ದರು. ಅವರು ಕಲಾವಿದರನ್ನು ಸ್ಟುಡಿಯೋಗೆ ಕರೆಸಿ ನಿಲ್ಲಿಸುವ ಬದಲು ಅಭ್ಯಾಸದ ಹೊತ್ತಿನಲ್ಲಿ, ಧ್ವನಿಮುದ್ರಣದ ನಡುವೆ ಚಿತ್ರ ತೆಗೆಯುತ್ತಿದ್ದರು. ಆ ಚಿತ್ರಗಳನ್ನೇ ರೀಡ್ ಮೈಲ್ಸ್ ಎಂಬ ವಿನ್ಯಾಸಕಾರ ಧೈರ್ಯವಾಗಿ ಕತ್ತರಿಸಿ ಗ್ರಾಮಫೋನ್ ತಟ್ಟೆಗಳ ಹೊದಿಕೆ ಮಾಡಿದರು. ಸಿಂದಗಿಯ ಹುಡುಗಿ ವುಲ್ಫ್ ಅವರ ಹೆಸರನ್ನು ಕೇಳಿರಲಿಲ್ಲ.

ಇನ್ನು ಯೋಜನೆಯೆಲ್ಲ ಆ ಎಂಟು ನಿಮಿಷಗಳಿಗಾಗಿ ನಡೆಯಿತು.

ಗುರುಗಳ ಮನೆ ಹಳೆಯ ಮಾಳಿಗೆಯ ಮನೆ. ಪಡಸಾಲೆಯ ನಡುವೆ ಮೇಲೆ ಒಂದು ಬೆಳಕಿಂಡಿ. ಬೆಳಕು ಹಾಲಿನಂತೆ ಇಳಿಯುತ್ತದೆ, ಆದರೆ ನೆತ್ತಿಯಿಂದ ಇಳಿಯುವ ಬೆಳಕು ಕಣ್ಣಿನ ಕುಳಿಗಳಲ್ಲಿ ನೆರಳು ಮಾಡುತ್ತದೆ. ಹದಿನೆಂಟರ ಹುಡುಗಿ ಜ್ವರದಿಂದ ಎದ್ದವಳ ಹಾಗೆ ಕಾಣುತ್ತಾಳೆ. ಸ್ಟುಡಿಯೋದಿಂದ ದೀಪ ತರುತ್ತೇನೆ ಎಂದೆ. ಗುರುಗಳಿಗೆ ಅದು ಇಷ್ಟವಿರಲಿಲ್ಲ, ದೀಪದ ಬಿಸಿಗೆ ತಂತಿ ಇಳಿಯುತ್ತದೆ ಎಂದರು. ಬೆಳಕನ್ನು ಮುಖಕ್ಕೆ ತಿರುಗಿಸಲು ಥರ್ಮೋಕೋಲ್ ಹಾಳೆ ಹಿಡಿದು ನಿಂತರೆ ಹುಡುಗಿಯ ಗಮನ ಅತ್ತ ಹೋಗುತ್ತಿತ್ತು. ಆಗ ಗುರುಗಳ ಮಡದಿ ಒಳಗಿನಿಂದ ಒಗೆದು ಮಡಿಸಿದ ಬಿಳಿ ಧೋತರ ತಂದು, "ಇದನ್ನು ಹಾಸಿ ನೋಡಿರಿ" ಎಂದರು. ಹುಡುಗಿಯ ಮುಂದೆ ನೆಲದ ಮೇಲೆ ಹಾಸಿದೆವು. ಮೇಲಿಂದ ಬಿದ್ದ ಬೆಳಕು ಧೋತರಕ್ಕೆ ತಗುಲಿ ಎದ್ದು ಬಂದು ಕಣ್ಣಿನ ಕೆಳಗಿನ ಕಪ್ಪನ್ನು ಒರೆಸಿಹಾಕಿತು. ಕಣ್ಣಿನ ಬೊಂಬೆಯೊಳಗೆ ಒಂದು ಚಿಕ್ಕ ಬಿಳಿ ಚುಕ್ಕೆ ಹೊತ್ತಿಕೊಂಡಿತು. ಸಾವಿರಾರು ರೂಪಾಯಿಯ ಸಾಮಾನು ಮಾಡುವ ಕೆಲಸ ಅದು.

ಇದು ಹಿಂದಿನ ದಿನದ ಪರೀಕ್ಷೆ. ಪರೀಕ್ಷೆಯ ದಿನ ತಪ್ಪಿಸಿದವರು ಚಿತ್ರದ ದಿನ ಅಳುತ್ತಾರೆ. ಅಂದು ಇನ್ನೂ ಮೂರು ಸಂಗತಿ ಗೊತ್ತಾದವು. ಹನ್ನೊಂದು ಗಂಟೆಯ ಸುಮಾರಿಗೆ ಬೆಳಕಿಂಡಿಯಿಂದ ನೇರ ಬಿಸಿಲು ರೊಟ್ಟಿಯಷ್ಟು ಅಗಲವಾಗಿ ನೆಲಕ್ಕೆ ಬೀಳುತ್ತದೆ. ಅದು ಜರುಗುತ್ತ ಧೋತರವನ್ನು ಮುಟ್ಟಿದರೆ ಮುಖವೆಲ್ಲ ಬೆಳ್ಳಗೆ ಸುಟ್ಟಂತೆ ಬರುತ್ತದೆ. ಹಾಗಾಗಿ ಹತ್ತೂವರೆಯೊಳಗೆ ಕೆಲಸ ಮುಗಿಯಬೇಕು. ಎರಡನೆಯದು ಕುಪ್ಪಸ. ಅವಳು ಪ್ರೀತಿಯಿಂದ ಗುಳೇದಗುಡ್ಡದ ಖಣದ ಕುಪ್ಪಸ ಹಾಕಿಕೊಂಡು ಬಂದಿದ್ದಳು. ಖಣದ ನೇಯ್ಗೆ ಅತಿ ಸಣ್ಣದು. ಆ ಸಣ್ಣ ಗೆರೆಗಳೂ ಕ್ಯಾಮೆರಾದೊಳಗಿನ ಸಣ್ಣ ಚುಕ್ಕೆಗಳೂ ಒಂದಕ್ಕೊಂದು ಜಗಳವಾಡಿ ಚಿತ್ರದಲ್ಲಿ ನೀರಿನ ಅಲೆಯಂಥ ಬಣ್ಣಬಣ್ಣದ ಪಟ್ಟಿಗಳು ಮೂಡಿದವು. ಇಳಕಲ್ಲ ಸೀರೆ ಇರಲಿ, ಕುಪ್ಪಸ ಮಾತ್ರ ಸಾದಾ ಇರಲಿ ಎಂದೆವು. ಅವಳಿಗೆ ಬೇಸರವಾಯಿತು. ಖಣದ ಬಗ್ಗೆ ನನಗೂ ಬೇಸರವಾಯಿತು, ಆದರೆ ಬೇಸರ ಅಚ್ಚಾಗುವುದಿಲ್ಲ. ಮೂರನೆಯದು ಮೊಬೈಲು. ಒಬ್ಬ ಹತ್ತಿರ ಹೋಗಿ ಮೊಬೈಲಿನಲ್ಲಿ ತೆಗೆದಾಗ ತಂಬೂರಿಯ ಬುರುಡೆ ಕಲ್ಲಂಗಡಿಯಂತೆ ಉಬ್ಬಿ, ಹುಡುಗಿ ಅದರ ಹಿಂದೆ ಅವಿತು ಕುಳಿತಂತೆ ಕಂಡಳು. ಅಗಲ ನೋಟದ ಲೆನ್ಸಿನ ಗುಣ ಅದು. ಹಿಂದೆ ಸರಿದು, ದೂರದ ಲೆನ್ಸಿನಿಂದ ತೆಗೆಯಬೇಕು.

ಅಳತೆಯ ಲೆಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಅಂಗುಲಕ್ಕೆ 300 ಚುಕ್ಕೆ ಎಂದರೆ ಎ-ನಾಲ್ಕು ಹಾಳೆಗೆ 2480 ಅಡ್ಡ, 3508 ಉದ್ದ ಚುಕ್ಕೆಗಳು ಬೇಕು. 12 ಮೆಗಾಪಿಕ್ಸೆಲ್ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದರೆ 3000 ಅಡ್ಡ, 4000 ಉದ್ದ ಸಿಗುತ್ತದೆ, ಸಾಕು. ಅಡ್ಡ ಹಿಡಿದು ತೆಗೆದು ಆಮೇಲೆ ನಿಂತ ಚಿತ್ರವಾಗಿ ಕತ್ತರಿಸಿದರೆ ಉದ್ದಕ್ಕೆ 3000 ಮಾತ್ರ ಉಳಿಯುತ್ತದೆ, ಸಾಲದು. ನಿಂತ ಹಾಳೆಗೆ ನಿಂತ ಚಿತ್ರ, ಇಷ್ಟು ನೆನಪಿದ್ದರೆ ಆಯಿತು.

ಐದು ಪುಟಗಳ ಯೋಜನೆ ಒಂದು ಪುಟಕ್ಕೆ ಇಳಿಯಿತು. ಕ್ಯಾಮೆರಾ ಹಿಡಿಯುವವಳು ಸಿಂದಗಿಯ ಹುಡುಗಿಯೇ. ಧೋತರ ಮತ್ತು ಬಿಸಿಲಿನ ಕಾವಲು ಇನ್ನೊಬ್ಬಳಿಗೆ. ಅವಳು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಿಟ್ಟಿದ್ದಳು. ಇಂಡಿಯ ಹುಡುಗನಿಗೆ ನಾನು ಕೊಟ್ಟದ್ದು ಅಂಚುಗಳನ್ನು ನೋಡುವ ಕೆಲಸ. ಚಿತ್ರ ತೆಗೆಯುವವರು ಮುಖ ನೋಡುತ್ತಾರೆ, ಅಂಚು ನೋಡುವುದಿಲ್ಲ. ಗೋಡೆಯ ಕ್ಯಾಲೆಂಡರು, ಸ್ವಿಚ್ಚಿನ ಹಲಗೆ, ನೀಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು, ಇವೆಲ್ಲ ಅಂಚಿನಲ್ಲೇ ನುಸುಳುತ್ತವೆ. ಅವನು ಕ್ಯಾಲೆಂಡರ್ ತೆಗೆದಿಟ್ಟ, ಕೆಲಸ ಮುಗಿದ ಮೇಲೆ ಅದೇ ಮೊಳೆಗೆ ಅದೇ ತಿಂಗಳು ಕಾಣುವಂತೆ ತೂಗುಹಾಕಿದ. ಮುಂದೆ ಬರುವ ಹುಡುಗ ಎಂದು ನಾನು ಹೇಳಿರಲಿಲ್ಲವೇ?

ಚಿತ್ರದ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಬಂದರು. ಮೊಬೈಲುಗಳ ಸದ್ದು ನಿಂತಿತು, ಕ್ಯಾಮೆರಾದ ಸದ್ದನ್ನೂ ನಿಲ್ಲಿಸಿದ್ದೆವು. ಹುಡುಗಿ ತಂಬೂರಿ ಎತ್ತಿಕೊಂಡು ಶ್ರುತಿ ಕೂಡಿಸತೊಡಗಿದಳು. ಇಪ್ಪತ್ತು ನಿಮಿಷದಲ್ಲಿ ನೂರಕ್ಕಿಂತ ಹೆಚ್ಚು ಚಿತ್ರಗಳಾದವು. ಒಂದೂ ಸರಿಯಿಲ್ಲ. ಬೆಳಕು ಸರಿಯಿದೆ, ಜಾಗ ಸರಿಯಿದೆ, ಮೇಲೆ ಹೆಸರಿಗೆ ಎಡೆಯಿದೆ, ಎಲ್ಲವೂ ಹಾಳೆಯ ಮೇಲೆ ಬರೆದಂತೆಯೇ ಇದೆ. ಮುಖ ಮಾತ್ರ ಕೇಳುತ್ತಿಲ್ಲ. ಕಾರಣ ಸರಳ. ತಂಬೂರಿ ಆಗಲೇ ಕೂಡಿತ್ತು. ಅವಳು ಶಿಸ್ತಿನ ಹುಡುಗಿ, ನಾವು ಬರುವ ಮೊದಲೇ ಕೂಡಿಸಿಟ್ಟಿದ್ದಳು. ಈಗ ಮಾಡುತ್ತಿದ್ದದ್ದು ನಟನೆ. ಬಿರಡೆಯ ಮೇಲೆ ಕೈಯಿಟ್ಟಿದ್ದಳೇ ಹೊರತು ತಿರುಗಿಸುತ್ತಿರಲಿಲ್ಲ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಗುರುಗಳು ಎದ್ದು ಬಂದರು. ಏನೋ ನೋಡುವವರಂತೆ ತಂಬೂರಿಯ ಮೇಲೆ ಬಾಗಿ, ಒಂದು ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿ, ಮಾತಿಲ್ಲದೆ ಹೋಗಿ ಮತ್ತೆ ಕುಳಿತುಕೊಂಡರು. ಹುಡುಗಿ ಬೆರಳಿಟ್ಟಳು. ಪಂಚಮದ ತಂತಿಯ ಶ್ರುತಿ ಕೆಳಗೆ ಬಿದ್ದಿತ್ತು. ಅವಳ ಮುಖ ಬದಲಾದದ್ದನ್ನು ಈ ಮೈಕಿನ ಮುಂದೆ ಕುಳಿತು ಹೇಗೆ ಹೇಳಲಿ? ಗುರುಗಳ ಎದುರು ಅಪಶ್ರುತಿ. ಆ ಗಾಬರಿಗೆ ಕ್ಯಾಮೆರಾ, ನಾವು, ಧೋತರ ಎಲ್ಲವೂ ಅವಳ ಕಣ್ಣಿನಿಂದ ಮಾಯವಾದವು. ಕೈ ಮೇಲೆ ಹೋಯಿತು, ಕಿವಿ ದಾಂಡಿಗೆ ವಾಲಿತು. ಸಿಂದಗಿಯ ಹುಡುಗಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಎತ್ತಿದ ತೋಳಿಗೂ ತಂಬೂರಿಗೂ ನಡುವೆ ಆ ಮುಖ ಕಿಟಕಿಯಲ್ಲಿ ಇಟ್ಟಂತೆ ಕಂಡಿತು. ಹನ್ನೊಂದು ಚಿತ್ರಗಳು. ಅಷ್ಟರಲ್ಲಿ ಪಂಚಮ ಕೂಡಿತು.

ಹನ್ನೊಂದರಲ್ಲಿ ನಾಲ್ಕನೆಯದನ್ನು ಆರಿಸಿದೆವು. ಪುಟ ಕಟ್ಟುವಾಗ ಒಬ್ಬ, ಚಿತ್ರವನ್ನು ಎಡಬಲ ತಿರುಗಿಸಿದರೆ ಲೇಖನದ ಸಾಲುಗಳಿಗೆ ಇನ್ನಷ್ಟು ಜಾಗ ಸಿಗುತ್ತದೆ ಎಂದ. ತಿರುಗಿಸಿದರೆ ಅವಳು ಎಡಗೈಯಲ್ಲಿ ತಂಬೂರಿ ಮೀಟಿದಂತಾಗುತ್ತದೆ, ಸಂಗೀತ ಬಲ್ಲ ಓದುಗ ಮೊದಲು ನೋಡುವುದೇ ಅದನ್ನು ಎಂದು ತಡೆದೆ. ಆ ಇಡೀ ಕೆಲಸದಲ್ಲಿ ನನ್ನಿಂದ ಆದ ಉಪಕಾರ ಬಹುಶಃ ಅದೊಂದೇ. ದಾಂಡಿಯ ತುದಿ "ವ" ಅಕ್ಷರವನ್ನು ಕೊಂಚ ಮರೆಮಾಡಿತು, ಓದಲು ತೊಂದರೆಯಾಗಲಿಲ್ಲ.

ಅಚ್ಚಾದ ಹಾಳೆಯನ್ನು ಗುರುಗಳಿಗೆ ಕೊಡಲು ಐವರೂ ಹೋದರು, ನಾನೂ ಹೋದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಂಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಖ ಚೆನ್ನಾಗಿ ಬಂದಿದೆ ಎನ್ನುತ್ತಾರೆ ಎಂದು ಮಕ್ಕಳು ಕಾಯುತ್ತಿದ್ದರು. ಗುರುಗಳು ಶಿಷ್ಯೆಯ ಕಡೆ ತಿರುಗಿ, "ಪಂಚಮ ಇನ್ನೂ ಸ್ವಲ್ಪ ಇಳಿದಿದೆ ತಂಗಿ" ಎಂದರು.

ನಮಸ್ಕಾರ.